ಪಾಲಿಅನಿಲೀನ್ ನ್ಯಾನೋ ಎಳೆಗಳು: ಆಕಾರ ತೀರ್ಮಾನವಾಗುವುದು ಬೆರೆಸುವ ಹೊತ್ತಿನಲ್ಲೇ

ವಿದ್ಯುತ್ ಹರಿಸುವ ಪಾಲಿಮರ್‌ಗಳ ಪೈಕಿ ಸಾಮಾನ್ಯ ಪ್ರಯೋಗಾಲಯಕ್ಕೆ ಸುಲಭವಾಗಿ ಒಗ್ಗುವುದು ಪಾಲಿಅನಿಲೀನ್. ಅನಿಲೀನ್, ಆಮ್ಲ ಮತ್ತು ಒಂದು ಉತ್ಕರ್ಷಕ (ಎಲೆಕ್ಟ್ರಾನ್ ಕಿತ್ತುಕೊಳ್ಳುವ ರಾಸಾಯನಿಕ) ಇದ್ದರೆ ಸಾಕು, ಬೀಕರಿನಲ್ಲೇ ಕಡುಹಸಿರು ಪುಡಿ ಕೈಗೆ ಬರುತ್ತದೆ. ಬಹಳ ಕಡೆ ಕಲಿಸುವ ಕ್ರಮ ಒಂದೇ: ಬೀಕರನ್ನು ಮಂಜುಗಡ್ಡೆಯಲ್ಲಿಟ್ಟು, ಮ್ಯಾಗ್ನೆಟಿಕ್ ಸ್ಟಿರರ್ ತಿರುಗಿಸುತ್ತಾ, ಉತ್ಕರ್ಷಕವನ್ನು ಹನಿಹನಿಯಾಗಿ ಬಿಡುವುದು. ಈ ಕ್ರಮದಲ್ಲಿ ಪಾಲಿಮರ್ ಚೆನ್ನಾಗಿಯೇ ಬರುತ್ತದೆ. ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೂಕೋಸಿನ ಹಾಗೆ ಒಂದಕ್ಕೊಂದು ಅಂಟಿಕೊಂಡ ಉಂಡೆಗಳೇ ಕಾಣುತ್ತವೆ.

ಇದನ್ನು ನೋಡಿದವರು ಪಾಲಿಅನಿಲೀನ್‌ನ ಸಹಜ ರೂಪವೇ ಉಂಡೆ ಎಂದೂ, ಎಳೆ ಬೇಕಿದ್ದರೆ ಅಚ್ಚಿನಲ್ಲಿ ಎರಕ ಹೊಯ್ಯಬೇಕೆಂದೂ ಭಾವಿಸುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಜಿಯಾಕ್ಸಿಂಗ್ ಹುವಾಂಗ್ ಮತ್ತು ರಿಚರ್ಡ್ ಕೇನರ್ 2003 ಮತ್ತು 2004ರಲ್ಲಿ ಪ್ರಕಟಿಸಿದ ಕೆಲಸ ತೋರಿಸಿಕೊಟ್ಟದ್ದು ಇದನ್ನೇ: ಪ್ರಬಲ ಆಮ್ಲದಲ್ಲಿ ಪಾಲಿಅನಿಲೀನ್ ಮೊದಲು ಹುಟ್ಟುವುದೇ ನ್ಯಾನೋ ಎಳೆಯಾಗಿ. ಹುಟ್ಟಿದ ಎಳೆಗಳ ಮೇಲೆ ಮತ್ತೆ ಮತ್ತೆ ಹೊಸ ಪಾಲಿಮರ್ ಕೂರುತ್ತಾ ಹೋಗಿ ಅವು ಉಂಡೆಗಟ್ಟುತ್ತವೆ. ಹಾಗಾಗಿ ಎಳೆಯನ್ನು ಮಾಡಲು ನಾವು ವಿಶೇಷವಾಗಿ ಏನನ್ನೂ ಮಾಡಬೇಕಿಲ್ಲ, ಆಗಲೇ ಆದದ್ದು ಕೆಡದಂತೆ ನೋಡಿಕೊಳ್ಳಬೇಕು. ಈ ಲೇಖನದಲ್ಲಿರುವ ಪ್ರತಿ ಹಂತಕ್ಕೂ ಹಿಂದಿರುವ ಕಾರಣ ಇದೇ. ಇದು ಮನಸ್ಸಿನಲ್ಲಿದ್ದರೆ ನಿಮ್ಮ ಪ್ರಯೋಗಾಲಯದ ಅನುಕೂಲಕ್ಕೆ ತಕ್ಕಂತೆ ಅಳತೆಗಳನ್ನು ಧೈರ್ಯವಾಗಿ ಬದಲಿಸಿಕೊಳ್ಳಬಹುದು.

ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಎಳೆ ಯಾಕೆ ಬೇಕು? ಅನಿಲ ಸಂವೇದಕಕ್ಕೆ ಬೇಕಿದ್ದರೆ ಕಾರಣ ಗಟ್ಟಿಯಾಗಿದೆ. ಎಳೆಯ ವ್ಯಾಸ 120 ನ್ಯಾನೋಮೀಟರಿನಿಂದ 30ಕ್ಕೆ ಇಳಿದರೆ ಅಷ್ಟೇ ತೂಕದ ಪಾಲಿಮರ್‌ಗೆ ನಾಲ್ಕು ಪಟ್ಟು ಮೇಲ್ಮೈ ಸಿಗುತ್ತದೆ. ಅಮೋನಿಯಾ ಅಣು ಒಳಗೆ ಇಳಿಯಬೇಕಾದ ದೂರವೂ ಕಡಿಮೆಯಾಗುತ್ತದೆ, ಸಂವೇದಕ ಬೇಗ ಪ್ರತಿಕ್ರಿಯಿಸುತ್ತದೆ. ಸೂಪರ್‌ಕೆಪಾಸಿಟರ್ ವಿದ್ಯುದ್ವಾರಕ್ಕೂ, ನೀರಿನಲ್ಲಿ ಚದುರಿ ನಿಲ್ಲುವ ಶಾಯಿಗೂ ಎಳೆ ಒಳ್ಳೆಯದೇ. ಆದರೆ ವಾಹಕತೆ ಹೆಚ್ಚಾಗಲಿ ಎಂಬುದಷ್ಟೇ ಉದ್ದೇಶವಾಗಿದ್ದರೆ ಈ ದಾರಿ ಬೇಡ ಎನ್ನುತ್ತೇನೆ. ಎಳೆಗಳನ್ನು ಒತ್ತಿ ಮಾಡಿದ ಬಿಲ್ಲೆಯಲ್ಲಿ ವಿದ್ಯುತ್ತು ಒಂದೆಳೆಯಿಂದ ಇನ್ನೊಂದೆಳೆಗೆ ದಾಟುವ ಸಂದಿಗಳೇ ದೊಡ್ಡ ಅಡ್ಡಿ. ಸಾಮಾನ್ಯ ಪುಡಿಗಿಂತ ಅದು ಬಹಳ ಮೇಲೇನೂ ಇರುವುದಿಲ್ಲ.

ಸಾಮಗ್ರಿ ಮತ್ತು ಎಚ್ಚರಿಕೆ

ಅನಿಲೀನ್ ವಿಷಕಾರಿ. ಚರ್ಮದ ಮೂಲಕವೇ ರಕ್ತಕ್ಕೆ ಸೇರಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಫ್ಯೂಮ್ ಹುಡ್, ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ; ಕೈಗವಸಿನ ಮೇಲೆ ಹನಿ ಬಿದ್ದರೆ ತಕ್ಷಣ ಬದಲಿಸಿ. ಅಮೋನಿಯಂ ಪರ್‌ಸಲ್ಫೇಟ್ ಪ್ರಬಲ ಉತ್ಕರ್ಷಕ. ಅದರ ದೂಳು ಉಸಿರಾಟದ ಅಲರ್ಜಿಗೆ ಕಾರಣವಾಗಬಹುದು. ಕಾಗದದ ಮೇಲೆ ತೂಗಿ ಅಲ್ಲೇ ಚೆಲ್ಲಿಬಿಡುವ ಅಭ್ಯಾಸ ಬೇಡ. ಈ ಕ್ರಿಯೆಯಲ್ಲಿ ಉಪ ಉತ್ಪನ್ನವಾಗಿ ಬೆಂಜಿಡೀನ್ ಅಲ್ಪಸ್ವಲ್ಪ ಹುಟ್ಟುವ ಸಾಧ್ಯತೆಯಿದೆ, ಅದು ಕ್ಯಾನ್ಸರ್‌ಕಾರಕ. ಹೀಗಾಗಿ ತೊಳೆದ ನೀರನ್ನೂ ಸಿಂಕಿಗೆ ಬಿಡುವ ಹಾಗಿಲ್ಲ.

ಬಾಟಲಿಯಲ್ಲಿರುವ ಅನಿಲೀನ್‌ನ ಬಣ್ಣ ನೋಡಿ. ಶುದ್ಧ ಅನಿಲೀನ್‌ಗೆ ಬಣ್ಣವಿಲ್ಲ, ಹೆಚ್ಚೆಂದರೆ ತೆಳು ಹಳದಿ. ಗಾಳಿ ಬೆಳಕು ತಾಗಿ ಹಳೆಯದಾದಂತೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಕಂದು ಪದಾರ್ಥಗಳು ಸ್ವತಃ ಉತ್ಕರ್ಷಣಗೊಂಡ ಅನಿಲೀನ್ ತುಣುಕುಗಳು. ಅವು ಕ್ರಿಯೆ ಶುರುವಾಗುವ ವೇಳೆಯನ್ನೂ ಎಳೆಯ ಆಕಾರವನ್ನೂ ಬದಲಿಸಿಬಿಡುತ್ತವೆ. ಹೋದ ವಾರ ಬಂದ ಫಲಿತಾಂಶ ಈ ವಾರ ಬರಲಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಈ ಬಾಟಲಿಯನ್ನೇ. ಅನಿಲೀನ್ ಕುದಿಯುವುದು 184 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಒತ್ತಡ ಇಳಿಸಿ ಬಟ್ಟಿ ಇಳಿಸುವುದು ಸುಲಭ. ಇಳಿಸಿದ್ದನ್ನು ಕಂದು ಗಾಜಿನ ಸೀಸೆಯಲ್ಲಿ, ಸಾಧ್ಯವಿದ್ದರೆ ನೈಟ್ರೋಜನ್ ತುಂಬಿ, ಫ್ರಿಜ್ಜಿನಲ್ಲಿಡಿ. ಪರ್‌ಸಲ್ಫೇಟ್ ತೇವಕ್ಕೆ ಒಡೆಯುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಡಬ್ಬಿಯ ಪುಡಿ ಗಂಟುಕಟ್ಟಿದ್ದರೆ ಅದರಲ್ಲಿ ಉತ್ಕರ್ಷಕ ಎಷ್ಟು ಉಳಿದಿದೆ ಎಂದು ನಂಬಲಾಗದು, ಹೊಸ ಡಬ್ಬಿ ತೆರೆಯಿರಿ. ಇದರ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಬೇಡಿ.

ಹೋಲಿಕೆಗೆ ಒಂದು ಮಾನದಂಡ

ಎಳೆ ಮಾಡುವುದಕ್ಕೆ ಮುಂಚೆ ಒಮ್ಮೆ ಸಾಮಾನ್ಯ ಪುಡಿಯನ್ನೂ ಮಾಡಿಟ್ಟುಕೊಳ್ಳಿ, ಮುಂದಿನದೆಲ್ಲವನ್ನೂ ಅಳೆಯಲು ಅದೇ ಆಧಾರ. ಯಾರೋಸ್ಲಾವ್ ಸ್ಟೆಜ್‌ಸ್ಕಲ್ ಮತ್ತು ಗಿಲ್ಬರ್ಟ್ 2002ರಲ್ಲಿ ಅಂತರರಾಷ್ಟ್ರೀಯ ರಸಾಯನ ವಿಜ್ಞಾನ ಒಕ್ಕೂಟದ ವರದಿಯಾಗಿ ಪ್ರಕಟಿಸಿದ ಕ್ರಮ ಇದಕ್ಕೆ ಬಲು ಅನುಕೂಲ. 2.59 ಗ್ರಾಂ ಅನಿಲೀನ್ ಹೈಡ್ರೋಕ್ಲೋರೈಡನ್ನು ನೀರಿನಲ್ಲಿ ಕರಗಿಸಿ 50 ಮಿಲಿ ಲೀಟರ್ ಮಾಡಿ, 5.71 ಗ್ರಾಂ ಅಮೋನಿಯಂ ಪರ್‌ಸಲ್ಫೇಟನ್ನೂ ಹಾಗೆಯೇ 50 ಮಿಲಿ ಲೀಟರ್ ಮಾಡಿ; ಕೋಣೆಯ ಉಷ್ಣತೆಯಲ್ಲಿ ಎರಡನ್ನೂ ಬೆರೆಸಿ. ಅನಿಲೀನ್ ಒಂದು ಮೋಲ್ ಇದ್ದರೆ ಉತ್ಕರ್ಷಕ 1.25 ಮೋಲ್ ಬರುವ ಈ ಲೆಕ್ಕ ಎಮೆರಾಲ್ಡಿನ್ ಲವಣಕ್ಕೆ, ಅಂದರೆ ಪಾಲಿಅನಿಲೀನ್‌ನ ವಿದ್ಯುತ್ ಹರಿಸುವ ಹಸಿರು ರೂಪಕ್ಕೆ, ಬೇಕಾದ ಪೂರ್ಣ ಪ್ರಮಾಣ. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ ಮಾಡಿಸಿದ 59 ಮಾದರಿಗಳ ಸರಾಸರಿ ವಾಹಕತೆ ಪ್ರತಿ ಸೆಂಟಿಮೀಟರಿಗೆ 4.4 ಸೀಮೆನ್ಸ್ ಬಂದಿತ್ತು, ಏರಿಳಿತ 1.7ರಷ್ಟು. ನಿಮ್ಮ ಪುಡಿ ಈ ಅಂತರದೊಳಗೆ ಬಂದರೆ ನಿಮ್ಮ ರಾಸಾಯನಿಕಗಳೂ ಅಳತೆಯ ಉಪಕರಣವೂ ಸರಿಯಿವೆ ಎಂದರ್ಥ. ಹತ್ತು ಪಟ್ಟು ಕಡಿಮೆ ಬಂದರೆ ಎಳೆಯ ಯೋಚನೆ ಬಿಟ್ಟು ಮೊದಲು ಇದನ್ನು ಸರಿಪಡಿಸಿಕೊಳ್ಳಿ.

ಮುಖ್ಯ ಪ್ರಯೋಗ: ಒಮ್ಮೆಲೇ ಬೆರೆಸಿ, ಮುಟ್ಟದೆ ಬಿಡುವುದು

ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಮಾಡಿಕೊಳ್ಳಿ. ಸಾಂದ್ರ ಆಮ್ಲ 37 ಶೇಕಡದ್ದಾದರೆ ಸುಮಾರು 83 ಮಿಲಿ ಲೀಟರನ್ನು ನೀರಿಗೆ ಸುರಿದು ಒಂದು ಲೀಟರ್ ಮಾಡಿದರೆ ಆಯಿತು. ಒಂದು ಗಾಜಿನ ಸೀಸೆಯಲ್ಲಿ ಈ ಆಮ್ಲ 10 ಮಿಲಿ ಲೀಟರ್ ತೆಗೆದುಕೊಂಡು ಅದಕ್ಕೆ 3.2 ಮಿಲಿಮೋಲ್ ಅನಿಲೀನ್, ಅಂದರೆ 0.29 ಮಿಲಿ ಲೀಟರ್, ಸೇರಿಸಿ. ಇನ್ನೊಂದು ಸೀಸೆಯಲ್ಲಿ ಅಷ್ಟೇ ಆಮ್ಲಕ್ಕೆ 0.8 ಮಿಲಿಮೋಲ್ ಪರ್‌ಸಲ್ಫೇಟ್, ಅಂದರೆ 0.18 ಗ್ರಾಂ, ಹಾಕಿ ಪೂರ್ತಿ ಕರಗಿಸಿ. ಎರಡೂ ಸೀಸೆಗಳು ಒಂದೇ ಉಷ್ಣತೆಗೆ ಬರುವ ತನಕ ಕಾಯಿರಿ. ಮಂಜುಗಡ್ಡೆ ಬೇಡ.

ಈಗ ಉತ್ಕರ್ಷಕದ ದ್ರಾವಣವನ್ನು ಅನಿಲೀನ್ ಸೀಸೆಗೆ ಒಂದೇ ಸಲಕ್ಕೆ ಸುರಿದು, ಮುಚ್ಚಳ ಹಾಕಿ, ಕೆಲವು ಸೆಕೆಂಡು ಜೋರಾಗಿ ಅಲುಗಾಡಿಸಿ, ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ಇಷ್ಟೇ. ಇಲ್ಲಿಂದ ಮುಂದೆ ಕಲಕಬಾರದು, ಅಲುಗಿಸಬಾರದು, ಬಂತೇ ಎಂದು ಎತ್ತಿ ನೋಡಲೂಬಾರದು. ಸ್ವಲ್ಪ ಹೊತ್ತು ದ್ರಾವಣ ತಿಳಿಯಾಗಿಯೇ ಇರುತ್ತದೆ. ಆಮೇಲೆ ತೆಳುನೀಲಿ, ಬಳಿಕ ಗಾಢ ನೀಲಿ, ಕೊನೆಗೆ ಹಸಿರು. ಆ ನೀಲಿ ಹಂತದಲ್ಲಿರುವುದು ಅತಿಯಾಗಿ ಉತ್ಕರ್ಷಣಗೊಂಡ ಪರ್ನಿಗ್ರಾನಿಲಿನ್. ಅದು ಉಳಿದ ಅನಿಲೀನ್ ಜೊತೆ ಸೇರಿ ಹಸಿರು ಎಮೆರಾಲ್ಡಿನ್ ಲವಣವಾಗುತ್ತದೆ, ವಿದ್ಯುತ್ ಹರಿಸುವುದು ಈ ಹಸಿರು ರೂಪವೇ. ರಾತ್ರಿಯಿಡೀ ಹಾಗೇ ಬಿಟ್ಟರೆ ಒಳ್ಳೆಯದು.

ಇದರಲ್ಲಿರುವ ಮೂರು ನಿರ್ಧಾರಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮೂರೂ ವಾಡಿಕೆಯ ಕ್ರಮಕ್ಕೆ ಎದುರಾಗಿವೆ.

ಒಮ್ಮೆಲೇ ಸುರಿಯುವುದು ಏಕೆ? ಹನಿಹನಿಯಾಗಿ ಬಿಟ್ಟಾಗ ಮೊದಲ ಹನಿಗಳು ಒಂದಿಷ್ಟು ಎಳೆಗಳನ್ನು ಹುಟ್ಟಿಸುತ್ತವೆ. ನಂತರ ಬೀಳುವ ಪ್ರತಿ ಹನಿಯ ಸುತ್ತಲೂ ಆ ಎಳೆಗಳು ಈಗಾಗಲೇ ಇರುತ್ತವೆ. ಹೊಸ ಪಾಲಿಮರ್‌ಗೆ ತಾನೇ ಹೊಸದಾಗಿ ಹುಟ್ಟುವುದಕ್ಕಿಂತ ಇದ್ದ ಮೇಲ್ಮೈಯ ಮೇಲೆ ಬೆಳೆಯುವುದು ಸುಲಭ. ಹೀಗೆ ಒಂದರ ಮೇಲೊಂದು ಪದರ ಬಿದ್ದು ಉಂಡೆಯಾಗುತ್ತದೆ. ಒಮ್ಮೆಲೇ ಬೆರೆಸಿದಾಗ, ಕ್ರಿಯೆ ಶುರುವಾಗುವ ಹೊತ್ತಿಗೆ ಉತ್ಕರ್ಷಕ ಎಲ್ಲ ಕಡೆ ಸಮವಾಗಿ ಹರಡಿರುತ್ತದೆ, ಎಲ್ಲ ಎಳೆಗಳೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿ, ಸುತ್ತಲಿನ ಉತ್ಕರ್ಷಕವನ್ನು ಒಟ್ಟಿಗೇ ಮುಗಿಸುತ್ತವೆ. ಎರಡನೆಯ ಸುತ್ತಿನ ಬೆಳವಣಿಗೆಗೆ ಏನೂ ಉಳಿಯುವುದಿಲ್ಲ.

ಉತ್ಕರ್ಷಕ ಕಡಿಮೆ ಇರುವುದಕ್ಕೂ ಇದೇ ಕಾರಣ. ಅನಿಲೀನ್‌ನ ಕಾಲು ಭಾಗದಷ್ಟು ಮಾತ್ರ ಉತ್ಕರ್ಷಕ ಇರುವುದರಿಂದ ಲೆಕ್ಕದ ಪ್ರಕಾರ ಐದನೇ ಒಂದು ಭಾಗದಷ್ಟು ಅನಿಲೀನ್ ಮಾತ್ರ ಪಾಲಿಮರ್ ಆದೀತು, ಅಂದರೆ ಮೇಲಿನ ಅಳತೆಗೆ ಆಮ್ಲದ ತೂಕ ಬಿಟ್ಟು 60 ಮಿಲಿಗ್ರಾಂ ಆಸುಪಾಸು. ಇಳುವರಿ ಕಡಿಮೆ ಎಂದು ಕೊರಗಬೇಡಿ. ಇಳುವರಿಗಾಗಿ ಉತ್ಕರ್ಷಕ ಹೆಚ್ಚಿಸಿದಂತೆಲ್ಲ ಎಳೆ ದಪ್ಪವಾಗುತ್ತಾ, ಅಂಟಿಕೊಳ್ಳುತ್ತಾ ಹೋಗುತ್ತದೆ. ನಿಮ್ಮ ಬಳಕೆಗೆ ಯಾವ ಹಂತದವರೆಗೆ ಇದು ಒಪ್ಪಿಗೆ ಎಂಬುದನ್ನು ಎರಡರ ಅನುಪಾತವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನೀವೇ ಕಂಡುಕೊಳ್ಳಬೇಕು.

ಇನ್ನು ಕಲಕದಿರುವುದು. ಇದನ್ನು ಒಪ್ಪಿಸುವುದೇ ಕಷ್ಟ, ಏಕೆಂದರೆ ಸ್ಟಿರರ್ ತಿರುಗದ ಕ್ರಿಯೆಯನ್ನು ನೋಡಿದರೆ ರಸಾಯನಶಾಸ್ತ್ರದವರ ಕೈ ಸುಮ್ಮನಿರುವುದಿಲ್ಲ. ಡ್ಯಾನ್ ಲೀ ಮತ್ತು ಕೇನರ್ 2006ರಲ್ಲಿ ತೋರಿಸಿದ ಹಾಗೆ, ಕ್ರಿಯೆ ನಡೆಯುತ್ತಿರುವಾಗ ಕಲಕಿದರೆ ಎಳೆಗಳು ಒಂದಕ್ಕೊಂದು ಢಿಕ್ಕಿಯಾಗಿ ಅಂಟಿಕೊಳ್ಳುತ್ತವೆ, ಅಂಟಿದ ಜಾಗದಲ್ಲೇ ಹೊಸ ಪಾಲಿಮರ್ ಕೂತು ಬೆಸುಗೆಯಾಗುತ್ತದೆ. ಮುಗಿದ ಮೇಲೆ ಎಷ್ಟು ಕುಲುಕಿದರೂ ಆ ಬೆಸುಗೆ ಬಿಡುವುದಿಲ್ಲ. ತಂಪಾಗಿಸುವುದರಿಂದಲೂ ಇಲ್ಲಿ ಲಾಭವಿಲ್ಲ. ತಣ್ಣಗಿದ್ದಾಗ ಹೊಸ ಎಳೆಗಳು ದ್ರಾವಣದ ಉದ್ದಗಲಕ್ಕೂ ಒಟ್ಟಿಗೆ ಹುಟ್ಟುವ ಬದಲು ಇದ್ದ ಮೇಲ್ಮೈಗಳ ಮೇಲೆ ಹುಟ್ಟುವ ಒಲವು ಹೆಚ್ಚು. ಮಂಜುಗಡ್ಡೆಯ ಕ್ರಮದಿಂದ ಅಣುಸರಪಳಿ ಉದ್ದವಾಗುತ್ತದೆ ಎಂಬುದು ನಿಜ, ಅದು ಬೇರೆ ಗುರಿಗೆ ಸರಿಯಾದ ದಾರಿ.

ಹುಟ್ಟನ್ನು ಚುರುಕುಗೊಳಿಸುವುದು

ಮೇಲಿನ ಕ್ರಮದಲ್ಲಿ ಬಂದ ಎಳೆಗಳು ಗಿಡ್ಡವಾಗಿ, ಒಂದಕ್ಕೊಂದು ಹೆಣೆದುಕೊಂಡಂತೆ ಕಂಡರೆ ಮುಂದಿನ ಹೆಜ್ಜೆ ಒಂದು ಚಿಟಿಕೆ ಪ್ರಚೋದಕ ಸೇರಿಸುವುದು. ಅನಿಲೀನ್‌ನ ಎರಡು ಅಣು ಕೂಡಿದಂತಿರುವ ಎನ್-ಫೀನೈಲ್-ಪ್ಯಾರಾ-ಫೀನಿಲೀನ್‌ಡೈಅಮೀನ್, ಅಥವಾ ಇನ್ನೂ ಸರಳವಾದ ಪ್ಯಾರಾ-ಫೀನಿಲೀನ್‌ಡೈಅಮೀನ್ ಇದಕ್ಕೆ ಒದಗುತ್ತವೆ. ಇವು ಅನಿಲೀನ್‌ಗಿಂತ ಸುಲಭವಾಗಿ ಉತ್ಕರ್ಷಣಗೊಳ್ಳುತ್ತವೆ. ಸರಪಳಿ ಬೆಳವಣಿಗೆಯಲ್ಲಿ ತೀರಾ ನಿಧಾನವಾದದ್ದು ಮೊದಲ ಎರಡು ಅನಿಲೀನ್ ಕೂಡುವ ಹೆಜ್ಜೆ. ಆ ಹೆಜ್ಜೆಯನ್ನು ನಾವೇ ದಾಟಿಸಿ ಕೊಟ್ಟಂತಾಗುವುದರಿಂದ ಏಕಕಾಲದಲ್ಲಿ ಬಹಳಷ್ಟು ಎಳೆಗಳು ಹುಟ್ಟುತ್ತವೆ. ಬೆಳೆಯುವುದೂ ಉದ್ದವಾಗಿ, ಬಿಡಿಬಿಡಿಯಾಗಿ.

ಅನಿಲೀನ್‌ನ ಮೋಲ್ ಲೆಕ್ಕದಲ್ಲಿ ಶೇಕಡಾ ಒಂದರ ಆಸುಪಾಸಿನಿಂದ ಆರಂಭಿಸಿ. ಎನ್-ಫೀನೈಲ್ ಬಗೆಯದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದೆರಡು ಹನಿ ಮೆಥನಾಲ್‌ನಲ್ಲಿ ಕರಗಿಸಿ ಅನಿಲೀನ್ ಸೀಸೆಗೆ ಸೇರಿಸಬೇಕು. ಎಚ್ಚರಿಕೆಯ ಮಾತೊಂದಿದೆ: ಪ್ರಚೋದಕ ಇದ್ದಾಗ ಬಣ್ಣ ಬರುವ ಮೊದಲಿನ ತಿಳಿ ಅವಧಿ ತೀರಾ ಕಡಿಮೆಯಾಗುತ್ತದೆ. ಕಲಸುವ ಕೆಲಸ ಆ ಅವಧಿಯೊಳಗೇ ಮುಗಿಯಬೇಕು. ಅಲುಗಾಡಿಸುತ್ತಿರುವಾಗಲೇ ನೀಲಿ ಕಂಡರೆ ಪ್ರಮಾಣ ಇಳಿಸಿ. ಪ್ಯಾರಾ-ಫೀನಿಲೀನ್‌ಡೈಅಮೀನ್ ಚರ್ಮಕ್ಕೆ ತೀವ್ರ ಅಲರ್ಜಿ ತರುವ ವಸ್ತು, ಕೂದಲಿಗೆ ಹಚ್ಚುವ ಬಣ್ಣದಲ್ಲಿರುವುದೂ ಅದೇ. ಬರಿಗೈಯಲ್ಲಿ ಮುಟ್ಟಬೇಡಿ.

ಎರಡು ದ್ರವಗಳ ಗಡಿಯಲ್ಲಿ

ಹುವಾಂಗ್ ಮತ್ತು ಕೇನರ್ ಮೊದಲು ಎಳೆಗಳನ್ನು ಪಡೆದದ್ದು ಬೇರೆ ದಾರಿಯಿಂದ. ಅನಿಲೀನನ್ನು ಟಾಲ್ವೀನ್ ಅಥವಾ ಕ್ಲೋರೋಫಾರ್ಮ್‌ನಂಥ ಸಾವಯವ ದ್ರಾವಕದಲ್ಲಿ ಕರಗಿಸಿ, ಪರ್‌ಸಲ್ಫೇಟನ್ನು ಆಮ್ಲದ ನೀರಿನಲ್ಲಿ ಕರಗಿಸಿ, ಎರಡು ಪದರ ಕಲಸಿಹೋಗದಂತೆ ಒಂದರ ಮೇಲೊಂದನ್ನು ಮೆಲ್ಲಗೆ ಸುರಿಯುವುದು. ಅಳತೆ ಮೇಲಿನದೇ ಸಾಕು. ಪಾಲಿಮರ್ ಗಡಿಯಲ್ಲಿ ಹುಟ್ಟುತ್ತದೆ. ಆಮ್ಲದ ಹಸಿರು ಲವಣ ನೀರನ್ನು ಇಷ್ಟಪಡುವುದರಿಂದ ಹುಟ್ಟಿದ ಎಳೆ ಗಡಿಯನ್ನು ಬಿಟ್ಟು ನೀರಿನ ಪದರಕ್ಕೆ ಸರಿಯುತ್ತದೆ. ಅನಿಲೀನ್ ಇನ್ನೊಂದು ಪದರದಲ್ಲೇ ಉಳಿಯುವುದರಿಂದ ಸರಿದುಹೋದ ಎಳೆಯ ಮೇಲೆ ಮತ್ತೆ ಬೆಳವಣಿಗೆ ಕಡಿಮೆ. ಗಡಿಯಿಂದ ಹಸಿರು ಬಣ್ಣ ನೀರಿನೊಳಗೆ ಹರಡುತ್ತಾ ಹೋಗುವುದನ್ನು ಕಣ್ಣಾರೆ ನೋಡಬಹುದು. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇಲ್ಲ. ಆದರೆ ದಿನನಿತ್ಯದ ಕೆಲಸಕ್ಕೆ ನಾನು ಆರಿಸುವುದು ಒಮ್ಮೆಲೇ ಬೆರೆಸುವ ಕ್ರಮವನ್ನೇ. ಸಾವಯವ ದ್ರಾವಕದ ಖರ್ಚು, ತ್ಯಾಜ್ಯ ಎರಡೂ ತಪ್ಪುತ್ತವೆ, ಎಳೆಯ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ದಪ್ಪವನ್ನು ಆಮ್ಲದಿಂದ, ಆಕಾರವನ್ನು ಪಿಎಚ್‌ನಿಂದ

ಎಳೆಯ ದಪ್ಪ ಬದಲಿಸಬೇಕಾದರೆ ಮೊದಲು ಬದಲಿಸಬೇಕಾದದ್ದು ಆಮ್ಲವನ್ನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸರಾಸರಿ ವ್ಯಾಸ 30 ನ್ಯಾನೋಮೀಟರ್ ಸುತ್ತ ಇರುತ್ತದೆ, ಕ್ಯಾಂಫರ್‌ಸಲ್ಫೋನಿಕ್ ಆಮ್ಲದಲ್ಲಿ 50ರ ಸುತ್ತ, ಪರ್‌ಕ್ಲೋರಿಕ್ ಆಮ್ಲದಲ್ಲಿ 120ರ ಸುತ್ತ. ಪರ್‌ಕ್ಲೋರಿಕ್ ಆಮ್ಲವನ್ನು ಸಾವಯವ ವಸ್ತುಗಳ ಜೊತೆ ಒಣಗಿಸುವುದು ಸ್ಫೋಟದ ಅಪಾಯವಿರುವ ಕೆಲಸ. ಅನುಭವಿಗಳ ಮೇಲ್ವಿಚಾರಣೆಯಿಲ್ಲದೆ ಅದರ ಸಹವಾಸ ಬೇಡ. ಮೊದಲ ಎರಡರಲ್ಲೇ ಕಲಿಯುವುದು ಸಾಕಷ್ಟಿದೆ.

ಪಿಎಚ್ ವಿಷಯ ಇನ್ನೂ ಆಳವಾದದ್ದು. ಅನಿಲೀನ್ ಉತ್ಕರ್ಷಣಗೊಳ್ಳುವಾಗ ಪ್ರೋಟಾನ್‌ಗಳು ಬಿಡುಗಡೆಯಾಗುತ್ತವೆ, ಪರ್‌ಸಲ್ಫೇಟ್ ಗಂಧಕಾಮ್ಲವಾಗಿ ಮಾರ್ಪಡುತ್ತದೆ. ಆದ್ದರಿಂದ ದ್ರಾವಣದ ಪಿಎಚ್ ತಾನಾಗಿಯೇ ಕುಸಿಯುತ್ತದೆ. ಒಂದು ಮೋಲಾರ್ ಪ್ರಬಲ ಆಮ್ಲದಲ್ಲಿ ಈ ಕುಸಿತ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಅದು ಆಗಲೇ ತಳದಲ್ಲಿದೆ. ಆದರೆ 0.4 ಮೋಲಾರ್ ಅಸಿಟಿಕ್ ಆಮ್ಲದಲ್ಲಿ, ಅಥವಾ ಆಮ್ಲವೇ ಇಲ್ಲದ ನೀರಿನಲ್ಲಿ ಶುರು ಮಾಡಿದರೆ ಕಥೆ ಎರಡು ಅಂಕಗಳಲ್ಲಿ ನಡೆಯುತ್ತದೆ. ಮೊದಲು, ಪಿಎಚ್ ಇನ್ನೂ ಮೇಲಿರುವಾಗ, ಅನಿಲೀನ್ ಅಣುಗಳು ಅಡ್ಡಾದಿಡ್ಡಿ ಕೂಡಿ, ಉಂಗುರಗಳು ಬೆಸೆದ ಗಿಡ್ಡ ತುಣುಕುಗಳಾಗುತ್ತವೆ. ನೀರಿನಲ್ಲಿ ಕರಗದ ಈ ಚಪ್ಪಟೆ ತುಣುಕುಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ನಂತರ ಪಿಎಚ್ 2.5ಕ್ಕಿಂತ ಕೆಳಗಿಳಿದಾಗ ನಿಜವಾದ ಪಾಲಿಅನಿಲೀನ್ ಸರಪಳಿ ಅವುಗಳನ್ನು ಆಧಾರವಾಗಿಸಿಕೊಂಡು ಬೆಳೆಯುತ್ತದೆ. ಹೀಗೆ ಬಂದದ್ದು 100ರಿಂದ 200 ನ್ಯಾನೋಮೀಟರ್ ಹೊರವ್ಯಾಸದ ಟೊಳ್ಳು ಕೊಳವೆಗಳು. ಸ್ಟೆಜ್‌ಸ್ಕಲ್ ಅವರ ಪ್ರಾಗ್ ತಂಡ ಇದನ್ನು ವಿವರವಾಗಿ ಅಭ್ಯಾಸ ಮಾಡಿದೆ.

ಇದನ್ನು ಮಾಡಿ ನೋಡುವವರು ಮಾನದಂಡದ ಅಳತೆಯನ್ನೇ ಬಳಸಬಹುದು: ಅನಿಲೀನ್ 0.2, ಪರ್‌ಸಲ್ಫೇಟ್ 0.25, ಅಸಿಟಿಕ್ ಆಮ್ಲ 0.4 ಮೋಲಾರ್. ಪಿಎಚ್ ಮೀಟರ್ ಮತ್ತು ಥರ್ಮಾಮೀಟರ್ ಎರಡನ್ನೂ ದ್ರಾವಣದಲ್ಲಿಟ್ಟು ನಿಯಮಿತವಾಗಿ ಬರೆದುಕೊಳ್ಳಿ. ಉಷ್ಣತೆ ಎರಡು ಸಲ ಏರುವುದನ್ನು, ನಡುವೆ ಒಂದು ಬಿಡುವು ಇರುವುದನ್ನು ಕಾಣುತ್ತೀರಿ. ಎರಡು ಅಂಕಗಳ ಕಥೆ ಆ ನಕ್ಷೆಯಲ್ಲೇ ಇದೆ. ಕೊಳವೆ ಸುಂದರವೆನಿಸಿದರೂ ಅದರಲ್ಲಿ ತುಣುಕುಗಳ ಪಾಲು ಇರುವುದರಿಂದ ವಾಹಕತೆ ಕಡಿಮೆ ಎಂಬುದು ನೆನಪಿರಲಿ.

ಅಚ್ಚಿನ ವಿಧಾನ

ವ್ಯಾಸ ಎಲ್ಲ ಎಳೆಗಳಲ್ಲೂ ಒಂದೇ ಇರಬೇಕು, ಎಳೆಗಳು ಸಾಲಾಗಿ ನಿಲ್ಲಬೇಕು ಎಂಬ ಅಗತ್ಯವಿದ್ದರೆ ಮಾತ್ರ ಅಚ್ಚಿನ ಮೊರೆ ಹೋಗಿ. ಚಾರ್ಲ್ಸ್ ಮಾರ್ಟಿನ್ ಬೆಳೆಸಿದ ವಿಧಾನ ಇದು: ಸಮ ಅಳತೆಯ ರಂಧ್ರಗಳಿರುವ ಪಾಲಿಕಾರ್ಬನೇಟ್ ಅಥವಾ ಅಲ್ಯೂಮಿನಾ ಪೊರೆಯೊಳಗೆ ಪಾಲಿಮರ್ ಬೆಳೆಸಿ, ಆಮೇಲೆ ಪೊರೆಯನ್ನು ಕರಗಿಸುವುದು. ಪಾಲಿಕಾರ್ಬನೇಟನ್ನು ಡೈಕ್ಲೋರೋಮೀಥೇನ್ ಕರಗಿಸುತ್ತದೆ. ಅಲ್ಯೂಮಿನಾಕ್ಕೆ ಕ್ಷಾರ ಬೇಕು, ಕ್ಷಾರ ತಾಗಿದರೆ ಪಾಲಿಅನಿಲೀನ್ ವಾಹಕತೆ ಕಳೆದುಕೊಂಡು ನೀಲಿಯಾಗುತ್ತದೆ, ಮತ್ತೆ ಆಮ್ಲದಲ್ಲಿ ನೆನೆಸಬೇಕು. ಪೊರೆ ಕರಗಿದೊಡನೆ ಎಳೆಗಳು ಕುಸಿದು ಗುಂಪಾಗುವುದೂ ಉಂಟು. ವಿದ್ಯುತ್ ಹರಿಸುವ ಇನ್ನೊಂದು ಪಾಲಿಮರ್ ಆದ ಪಾಲಿಪಿರೋಲ್ ಮಾಡುವವರಿಗೆ ಇದಕ್ಕಿಂತ ಅಗ್ಗದ ಉಪಾಯವಿದೆ. ಮೀಥೈಲ್ ಆರೆಂಜ್ ಬಣ್ಣವನ್ನು ಫೆರಿಕ್ ಕ್ಲೋರೈಡ್ ಜೊತೆ ನೀರಿನಲ್ಲಿ ಬೆರೆಸಿದರೆ ಅದು ಎಳೆಯಾಕಾರದ ಹರಳುಗಳಾಗುತ್ತದೆ, ಅವುಗಳ ಮೇಲೆ ಪಿರೋಲ್ ಪಾಲಿಮರ್ ಆಗುತ್ತದೆ. ಕ್ರಿಯೆ ಸಾಗಿದಂತೆ ಹರಳು ತಾನೇ ಕರಗಿ ಕೊಳವೆ ಉಳಿಯುತ್ತದೆ.

ತೊಳೆಯುವುದು, ಇಡುವುದು

ಒಳ್ಳೆಯ ಎಳೆಗಳು ಹೆಚ್ಚಾಗಿ ಹಾಳಾಗುವುದು ಈ ಹಂತದಲ್ಲಿ. ಬುಕ್ನರ್ ಫನಲ್‌ನಲ್ಲಿ ಸೋಸಿ, ಅಸಿಟೋನ್ ಹಾಕಿ, ಓವನ್‌ನಲ್ಲಿ ಒಣಗಿಸುವುದು ರೂಢಿ. ನೀರು ಆರುತ್ತಾ ಹೋದಂತೆ ಅದರ ಮೇಲ್ಮೈ ಎಳೆತ ಎಳೆಗಳನ್ನು ಒಂದಕ್ಕೊಂದು ಒತ್ತಿ ಗಟ್ಟಿ ಚಕ್ಕೆ ಮಾಡುತ್ತದೆ. ಆ ಚಕ್ಕೆಯನ್ನು ಒರಳಿನಲ್ಲಿ ಅರೆದರೆ ಪುಡಿ ಸಿಕ್ಕೀತು, ಎಳೆ ಸಿಗದು. ಹಾಗಾಗಿ ಸಾಧ್ಯವಾದಷ್ಟೂ ಒಣಗಿಸಬೇಡಿ. ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಟ್ಯೂಬಿನಲ್ಲಿ ತುಂಬಿ, ದೊಡ್ಡ ಬೀಕರ್ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಇರುವುದು ಅತ್ಯಂತ ಮೃದುವಾದ ದಾರಿ. ಸೆಂಟ್ರಿಫ್ಯೂಜ್ ಬಳಸುವುದಾದರೆ ತಳದ ಗಟ್ಟಿ ಉಂಡೆ ಕಟ್ಟುವ ಮುನ್ನ ನಿಲ್ಲಿಸಿ, ತೆಳು ಆಮ್ಲದಲ್ಲಿ ಮತ್ತೆ ಚದುರಿಸಿ.

ಇಲ್ಲಿಯೂ ಪಿಎಚ್ ಮುಖ್ಯ. ಎಳೆಗಳು ನೀರಿನಲ್ಲಿ ಬಿಡಿಯಾಗಿ ನಿಲ್ಲುವುದು ಅವುಗಳ ಮೇಲಿನ ಧನ ವಿದ್ಯುದಂಶ ಒಂದನ್ನೊಂದು ದೂರ ತಳ್ಳುವುದರಿಂದ. ಬೇರಾವ ಸ್ಥಿರಕಾರಿಯನ್ನೂ ಸೇರಿಸದೆ, ಪಿಎಚ್ 2.6ರ ಸುಮಾರಿಗೆ ತಂದಿಟ್ಟ ಚದುರಿಕೆ ಚೆನ್ನಾಗಿ ನಿಲ್ಲುತ್ತದೆ ಎಂದು ಲೀ ಮತ್ತು ಕೇನರ್ ತೋರಿಸಿದ್ದಾರೆ. ಆಮ್ಲ ತೀರಾ ಹೆಚ್ಚಿದ್ದರೆ ದ್ರಾವಣದ ಅಯಾನುಗಳು ಆ ತಳ್ಳಾಟವನ್ನು ಮರೆಮಾಡಿ ಎಳೆಗಳು ಇಳಿಯುತ್ತವೆ, ಆಮ್ಲ ಪೂರ್ತಿ ಹೋದರೆ ವಿದ್ಯುದಂಶವೇ ಇಲ್ಲವಾಗುತ್ತದೆ. ಪುಡಿಯೇ ಬೇಕೆಂದಾದರೆ, ನೀರನ್ನು ಹೆಪ್ಪುಗಟ್ಟಿಸಿ ಹಾಗೆಯೇ ಆವಿಯಾಗಿಸುವ ಫ್ರೀಜ್ ಡ್ರೈಯರ್ ಬಳಸಿ.

ಬಂದದ್ದು ಏನೆಂದು ತಿಳಿಯುವುದು

ಮೊದಲ ಪರೀಕ್ಷೆ ಕಣ್ಣು. ಚದುರಿಕೆ ತಿಳಿ ಹಸಿರಾಗಿ ಉಳಿದು, ತಳಕ್ಕೆ ಬೇಗ ಏನೂ ಇಳಿಯದಿದ್ದರೆ ಶುಭಸೂಚನೆ. ಕಂದು ಬಣ್ಣವಿದ್ದರೆ ಗಿಡ್ಡ ತುಣುಕುಗಳು ಹೆಚ್ಚಿವೆ, ಆಮ್ಲ ಸಾಲದು ಎಂದರ್ಥ. ನೀಲಿಯಾಗಿದ್ದರೆ ಒಂದು ಹನಿ ಆಮ್ಲ ಹಾಕಿ ನೋಡಿ: ಹಸಿರಿಗೆ ತಿರುಗಿದರೆ ಅದು ಆಮ್ಲ ಕಳೆದುಕೊಂಡ ಎಮೆರಾಲ್ಡಿನ್ ಕ್ಷಾರರೂಪ, ತಿರುಗದಿದ್ದರೆ ಉತ್ಕರ್ಷಣ ಅತಿಯಾಗಿರುವ ಸಂಶಯ. ರೋಹಿತಮಾಪಕದಲ್ಲಿ ಹಸಿರು ಲವಣ 350, 430 ಮತ್ತು 800 ನ್ಯಾನೋಮೀಟರ್ ಸುತ್ತ ಬೆಳಕನ್ನು ಹೀರುತ್ತದೆ. ಕ್ಷಾರರೂಪದಲ್ಲಿ ಇವು ಹೋಗಿ 600 ದಾಟಿದಲ್ಲಿ ಒಂದು ಅಗಲ ಶಿಖರ ಬರುತ್ತದೆ.

ಸೂಕ್ಷ್ಮದರ್ಶಕಕ್ಕೆ ಕಳುಹಿಸುವ ಮಾದರಿಯನ್ನು ಬಹಳ ತೆಳುವಾಗಿಸಿ, ಸಿಲಿಕಾನ್ ಚೂರಿನ ಮೇಲೆ ಒಂದು ಹನಿ ಹಾಕಿ ಆರಿಸಿ. ದಟ್ಟ ಹನಿ ಹಾಕಿದರೆ ಬಿಡಿ ಎಳೆಗಳೂ ಉಂಡೆಯಂತೆ ಕಂಡು ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಕಾಲೇಜಿನಲ್ಲಿ ಉಪಕರಣವಿಲ್ಲದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಂಥ, ಹೊರಗಿನವರ ಮಾದರಿಗಳನ್ನೂ ನೋಡಿಕೊಡುವ ಕಡೆ ವಿಚಾರಿಸಬಹುದು. ಸರದಿ ಸಿಗಲು ತಡವಾಗುವುದರಿಂದ ಒಂದೇ ಮಾದರಿ ಕಳುಹಿಸಬೇಡಿ. ಒಂದೇ ಕ್ರಿಯೆಯಿಂದ ಬೇರೆ ಬೇರೆ ಹೊತ್ತಿನಲ್ಲಿ, ಅಂದರೆ ನೀಲಿ ಕಂಡಾಗ, ಹಸಿರಾದಾಗ, ಮರುದಿನ, ಒಂದೊಂದು ಹನಿಯನ್ನು ಮೆಲ್ಲಗೆ ತೆಗೆದು ತಣ್ಣನೆಯ ತೆಳು ಆಮ್ಲಕ್ಕೆ ಹಾಕಿ ಸಾಲಾಗಿ ಕಳುಹಿಸಿ. ಹನಿ ತೆಗೆಯುವ ಈ ಸೀಸೆ ಬೇರೆಯೇ ಇರಲಿ, ಮುಖ್ಯ ಸೀಸೆಯನ್ನು ಕದಲಿಸಬೇಡಿ. ಮೊದಲ ಚಿತ್ರದಲ್ಲಿ ಎಳೆಯಿದ್ದು ಕೊನೆಯದರಲ್ಲಿ ಉಂಡೆಯಿದ್ದರೆ ತೊಂದರೆ ನಂತರದ ಬೆಳವಣಿಗೆಯದ್ದು. ಮೊದಲಿನಿಂದಲೇ ಉಂಡೆಯಿದ್ದರೆ ಬೆರೆಸುವುದರಲ್ಲೇ ಏರುಪೇರಾಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಈ ಸಾಲು ಮುಖ್ಯ.

ತ್ಯಾಜ್ಯದ ಬಗ್ಗೆ: ಸೋಸಿದ ನೀರಿನಲ್ಲಿ ಅನಿಲೀನ್ ಬಹುಪಾಲು ಹಾಗೇ ಉಳಿದಿರುತ್ತದೆ, ಅದನ್ನು ಅಪಾಯಕಾರಿ ಸಾವಯವ ತ್ಯಾಜ್ಯದ ಕ್ಯಾನಿಗೇ ಹಾಕಿ. ಬಳಸದೆ ಉಳಿದ ಪರ್‌ಸಲ್ಫೇಟ್ ದ್ರಾವಣವನ್ನು ಅದರ ಜೊತೆ ಸೇರಿಸಬೇಡಿ, ಬಿಗಿ ಮುಚ್ಚಳದ ಸೀಸೆಯಲ್ಲೂ ಇಡಬೇಡಿ. ಅದು ಒಡೆದು ಅನಿಲ ಬಿಡುವುದರಿಂದ ಒತ್ತಡ ಏರುತ್ತದೆ.

ಪ್ರಮಾಣ ಹೆಚ್ಚಿಸುವಾಗ

ಇಪ್ಪತ್ತು ಮಿಲಿ ಲೀಟರಿನಲ್ಲಿ ಸರಾಗವಾಗಿ ಬಂದದ್ದು ಒಂದು ಲೀಟರಿನಲ್ಲಿ ಉಂಡೆಯಾಗುವುದು ಸಾಮಾನ್ಯ. ಎಲ್ಲ ಅಳತೆಗಳನ್ನು ಐವತ್ತು ಪಟ್ಟು ಮಾಡಿದರೂ ಬೆರೆಯುವ ವೇಳೆ ಹಾಗೇ ಉಳಿಯುವುದಿಲ್ಲ. ಸೀಸೆಯನ್ನು ಅಲುಗಾಡಿಸಿದಷ್ಟು ಬೇಗ ಲೀಟರ್ ಬೀಕರನ್ನು ಬೆರೆಸಲಾಗದು. ಪಾಲಿಸಬೇಕಾದ ನಿಯಮ ಒಂದೇ: ಪೂರ್ತಿ ಬೆರೆಯಲು ಹಿಡಿಯುವ ಹೊತ್ತು, ಬಣ್ಣ ಕಾಣುವವರೆಗಿನ ತಿಳಿ ಅವಧಿಗಿಂತ ಸಾಕಷ್ಟು ಕಡಿಮೆ ಇರಬೇಕು. ಎರಡನ್ನೂ ಅಳೆಯುವುದು ಸುಲಭ. ತಿಳಿ ಅವಧಿಯನ್ನು ಸಣ್ಣ ಸೀಸೆಯಲ್ಲೇ ಗಡಿಯಾರ ಹಿಡಿದು ನೋಡಿ. ಬೆರೆಯುವ ಹೊತ್ತಿಗೆ ದೊಡ್ಡ ಪಾತ್ರೆಯಲ್ಲಿ ಬರೀ ನೀರು ತುಂಬಿ, ಶಾಯಿ ಬೆರೆಸಿದ ನೀರನ್ನು ಉತ್ಕರ್ಷಕದಂತೆಯೇ ಸುರಿದು, ಬಣ್ಣ ಎಲ್ಲೆಡೆ ಸಮವಾಗಲು ಎಷ್ಟು ಹೊತ್ತು ಬೇಕೆಂದು ನೋಡಿ.

ಬೆರೆಯುವುದು ತಡವಾದರೆ ಪ್ರಚೋದಕವನ್ನು ಕಡಿಮೆ ಮಾಡಿ ಅಥವಾ ಬಿಟ್ಟುಬಿಡಿ, ತಿಳಿ ಅವಧಿ ಉದ್ದವಾಗುತ್ತದೆ. ಎರಡೂ ದ್ರಾವಣಗಳನ್ನು ವೈ ಆಕಾರದ ಕೊಳವೆಯ ಎರಡು ಕವಲುಗಳಿಂದ ಒಂದೇ ವೇಗದಲ್ಲಿ ಹಾಯಿಸಿ, ಕೂಡಿದಲ್ಲೇ ಬೆರೆಯುವಂತೆ ಮಾಡಿ ಪಾತ್ರೆಗೆ ಬಿಡುವುದು ಇನ್ನೂ ಒಳ್ಳೆಯದು. ಆಗಲೂ ಪೂರ್ತಿ ಹರಿವು ಬಣ್ಣ ಬರುವ ಮುಂಚೆಯೇ ಮುಗಿಯಬೇಕು. ಈ ಕ್ರಿಯೆ ಶಾಖ ಬಿಡುತ್ತದೆ. ನಮ್ಮ ಅಳತೆಯಲ್ಲಿ ಉತ್ಕರ್ಷಕದ ಸಾಂದ್ರತೆ ಮಾನದಂಡದ ಕ್ರಮದ ಆರನೇ ಒಂದು ಭಾಗದಷ್ಟೇ ಇರುವುದರಿಂದ ಲೀಟರ್ ಮಟ್ಟದಲ್ಲಿ ಬಿಸಿ ಹತೋಟಿಯಲ್ಲಿರುತ್ತದೆ. ಇಳುವರಿಯ ಆಸೆಗೆ ಎರಡನ್ನೂ ಒಟ್ಟಿಗೇ, ಅಂದರೆ ಪ್ರಮಾಣವನ್ನೂ ಉತ್ಕರ್ಷಕವನ್ನೂ, ಏರಿಸಬೇಡಿ. ಮೊದಲು 200 ಮಿಲಿ ಲೀಟರ್, ಅದರ ಚಿತ್ರ ನೋಡಿದ ಮೇಲೆ ಒಂದು ಲೀಟರ್. ಥರ್ಮಾಮೀಟರನ್ನು ಬೆರೆಸುವ ಮೊದಲೇ ಪಾತ್ರೆಯಲ್ಲಿ ಕಟ್ಟಿಡಿ, ಏಕೆಂದರೆ ಆಮೇಲೆ ಇಳಿಸಿದರೆ ಅದೂ ಕಲಕಿದಂತೆಯೇ.